ಅಪ್ಪನ ಮೂಗು

ಚಾಕು ಮೇಲಿನ ಪದರವನ್ನು ಕಷ್ಟಪಟ್ಟು ಸೀಳಿ, ಆಮೇಲೆ ಸರ್ರನೆ ಒಳಗಿಳಿಯಿತು. ಹಾಗೆ ಇಳಿಯಬಾರದಿತ್ತು. ಅವಳು ಮಾಂಸದ ತುಂಡನ್ನು ಎರಡು ಹೋಳು ಮಾಡಿ ಬೆಳಕಿಗೆ ಹಿಡಿದಳು. ಅಂಚು ಚಕ್ಕಳದಂತೆ ಒಣಗಿ ಒಳಗಿನ ತೇವಕ್ಕೆ ದಾರಿ ಮುಚ್ಚಿತ್ತು, ನಡುವೆ ಬೂದುಬಣ್ಣದ ಲೋಳೆ. ಕೊಳೆತ ವಾಸನೆಗೆ ಅವಳು ಮುಖ ತಿರುಗಿಸಿದಳು.

ಅಡುಗೆಕಟ್ಟೆಯ ಮೇಲೆ ಅವಳೇ ಮಾಡಿದ ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಲೇ ಇತ್ತು. ಉಪ್ಪು ಸವರಿದ ಮಾಂಸವನ್ನು ಒಳಗಿನ ಕೊಕ್ಕೆಗೆ ತೂಗುಹಾಕಿದರೆ ಸಾಕು, ತಂಪು, ತೇವ, ಗಾಳಿ ಎಲ್ಲವನ್ನೂ ಪೆಟ್ಟಿಗೆಯೇ ನೋಡಿಕೊಂಡು ಹದವಾಗಿ ಒಣಗಿಸುತ್ತದೆ. ತೂಕ ಮೂರರಲ್ಲೊಂದು ಪಾಲು ಇಳಿದಾಗ ಹಸಿರು ದೀಪ ಹತ್ತುತ್ತದೆ. ಹತ್ತಿತೆಂದರೆ ತಿನ್ನಬಹುದು. ಪೆಟ್ಟಿಗೆಯನ್ನು ಮಾರಾಟಕ್ಕೆ ತರಬಲ್ಲ ಕಂಪನಿಯೊಂದರ ಮೇಡಂ ಹನ್ನೊಂದಕ್ಕೆ ರುಚಿ ನೋಡಲು ಬರುವವರಿದ್ದರು. ಎರಡು ಕಂಪನಿಗಳು ಆಗಲೇ ಬೇಡವೆಂದಿದ್ದವು, ಇವರೇ ಕೊನೆ. ದಿನ ಸಾಲದೆಂದು ಅವಳು ಪೆಟ್ಟಿಗೆಯೊಳಗಿನ ಫ್ಯಾನಿನ ವೇಗ ಹೆಚ್ಚಿಸಿದ್ದಳು. ಅದೂ ಸಾಲದೆ, ತೂಕ ನಾಲ್ಕರಲ್ಲೊಂದು ಪಾಲು ಇಳಿದಾಗಲೇ ದೀಪ ಹತ್ತುವಂತೆ ಮಾಡಿದ್ದಳು.

ಕಣ್ಣುಮುಚ್ಚಿಕೊಂಡೇನೂ ಮಾಡಿರಲಿಲ್ಲ. ಅಪ್ಪ ಇದ್ದರಲ್ಲ, ನಲವತ್ತು ವರ್ಷ ಮಾಂಸದಂಗಡಿ ನಡೆಸಿದವರು. ದಿನಾ ಮೂಳೆಯ ಸೂಜಿಯನ್ನು ತುಂಡಿನ ನಡುವಿಗೆ ಚುಚ್ಚಿ, ಹೊರತೆಗೆದು ಮೂಸಿ, "ಫಸ್ಟ್ ಕ್ಲಾಸ್ ಕಣಮ್ಮ" ಅನ್ನುತ್ತಿದ್ದರು. ನಿನ್ನೆಯೂ ಅಂದಿದ್ದರು.

"ಅಪ್ಪ, ಇದನ್ನ ನೋಡಿ ಸ್ವಲ್ಪ." ಅವಳು ಹೋಳನ್ನು ಅವರ ಮೂಗಿನ ಹತ್ತಿರವೇ ಹಿಡಿದಳು.

ಅವರು ಉಸಿರೆಳೆದುಕೊಂಡರು. "ಚೆನ್ನಾಗೇ ಇದೆಯಲ್ಲ." ಹಣೆಯ ಮೇಲಿದ್ದ ಕನ್ನಡಕ ಇಳಿಸಿ ನೋಡಿದ ಮೇಲೆ ಒಂದು ಹೆಜ್ಜೆ ಹಿಂದೆ ಸರಿದರು.

"ನಿಮಗೆ ವಾಸನೆ ಗೊತ್ತಾಗ್ತಿಲ್ವಾ?"

"ಹೋದ ವರ್ಷ ಜ್ವರ ಬಂತಲ್ಲ, ಅವತ್ತಿಂದ ಇಲ್ಲ." ಅಪ್ಪ ನೆಲ ನೋಡಿದರು. "ನೀನು ಅಷ್ಟು ಆಸೆಯಿಂದ ಕೇಳ್ತಿದ್ದೆ. ನಾನು ಮೂಗಿಲ್ಲದ ಕಟುಕ ಅಂತ ಹೆಂಗೆ ಹೇಳ್ಕೊಳ್ಲಿ? ಹೆಂಗೂ ದೀಪ ಇದೆ, ನಿನ್ನ ಲೆಕ್ಕ ತಪ್ಪಲ್ಲ ಅಂದ್ಕೊಂಡೆ."

ತುಂಡಿನ ಒಂದು ತುದಿಯನ್ನು ಯಾರೋ ಆಗಲೇ ಕೊಯ್ದಿರುವುದು ಆಗ ಅವಳ ಕಣ್ಣಿಗೆ ಬಿತ್ತು. ಅಪ್ಪನ ಕುತ್ತಿಗೆ ಬೆವರುತ್ತಿತ್ತು.

"ಅಪ್ಪ, ತಿಂದ್ರಾ?"

"ಬೆಳಗ್ಗೆ ಎರಡೇ ಚೂರು. ನನ್ನ ಮಗಳು ಮಾಡಿದ್ದನ್ನ ಊರವರು ತಿನ್ನೋಕ್ಮುಂಚೆ ನಾನು ತಿನ್ಬೇಡ್ವಾ?" ನಗಲು ಹೋಗಿ ಅವರು ಹೊಟ್ಟೆ ಹಿಡಿದುಕೊಂಡರು. "ಗಾಬರಿ ಆಗ್ಬೇಡ. ಮೊದ್ಲು ಆ ಕಂಪನಿ ಮೇಡಮ್ಮು ಬಂದು ರುಚಿ ನೋಡಿ ಹೋಗ್ಲಿ. ನೀನು ಮೊದ್ಲು ಮಾಡಿದ್ದ ಹಳೇ ಪೆಟ್ಟಿಗೇಲಿ ಎರಡು ತಿಂಗಳು ಒಣಗಿದ ಒಳ್ಳೇ ತುಂಡು ಇದೆಯಲ್ಲ, ಅದನ್ನ ಇದರೊಳಗೆ ತೂಗುಹಾಕು. ಯಾರಿಗೆ ಗೊತ್ತಾಗುತ್ತೆ?"

ಅವಳು ಹಳೆಯ ತುಂಡನ್ನು ತೆಗೆದಳು. ಹೊಸ ಪೆಟ್ಟಿಗೆಯ ಬಾಗಿಲನ್ನೂ ತೆರೆದಳು. ಕೈ ಕೊಕ್ಕೆಯವರೆಗೆ ಹೋಗಿತ್ತು. ಹಿಂದೆ ಅಪ್ಪ ಸಿಂಕಿನ ಮೇಲೆ ಬಗ್ಗಿ ವಾಂತಿ ಮಾಡತೊಡಗಿದರು. ಅಷ್ಟರಲ್ಲೇ ಕರೆಗಂಟೆಯೂ ಸದ್ದು ಮಾಡಿತು. ಅವಳು ಹಳೆಯ ತುಂಡನ್ನು ಕಟ್ಟೆಯ ಮೇಲೇ ಬಿಟ್ಟು ಹೋಗಿ ಬಾಗಿಲು ತೆರೆದಳು.

ಬಾಗಿಲಲ್ಲಿ ಮೇಡಂ ನಗುಮುಖದಿಂದ ನಿಂತಿದ್ದರು. "ಸ್ವಲ್ಪ ಬೇಗ ಬಂದ್ಬಿಟ್ಟೆ. ಹಸಿರು ದೀಪ ಬಂತಾ?"

"ಬಂತು ಮೇಡಂ. ಆದ್ರೆ ಒಳಗೆ ಕೊಳೆತಿದೆ. ನಾನೇ ಅವಸರ ಮಾಡಿ ಕೆಡಿಸಿದೆ, ನಮ್ಮಪ್ಪ ಅದನ್ನ ತಿಂದುಬಿಟ್ಟಿದಾರೆ." ಅವಳು ಒಳಗೆ ತಿರುಗಿ ನೋಡಿದಳು. "ಆಸ್ಪತ್ರೆಗೆ ಹೋಗ್ಬೇಕು. ನಿಮ್ಮ ಕಾರು ಇದೆಯಲ್ಲ?"

ಮೇಡಂ ಕಾರು ಓಡಿಸುತ್ತ ಒಂದೇ ಸಮನೆ ಹಾರ್ನ್ ಒತ್ತುತ್ತಿದ್ದರು. ಹಿಂದಿನ ಸೀಟಿನಲ್ಲಿ ಅಪ್ಪ ಅವಳ ಭುಜಕ್ಕೆ ಒರಗಿದ್ದರು. ಅವಳು ಅವರ ಕೆನ್ನೆ ಸವರಲು ಹೋದಳು. ಕೈಗೆ ಅಂಟಿದ್ದ ಮಾಂಸದ ನಾತ ಗಪ್ಪೆಂದು ಮೂಗಿಗೆ ಹೊಡೆದದ್ದೇ ಕೈ ಹಿಂದಕ್ಕೆ ತೆಗೆದುಕೊಂಡಳು.

ಅಪ್ಪ ಕಣ್ಣುಮುಚ್ಚಿಕೊಂಡೇ ತಡಕಾಡಿ ಆ ಕೈಯನ್ನು ಎಳೆದುಕೊಂಡು ಮುಖಕ್ಕೆ ಒತ್ತಿಕೊಂಡರು.