ಹಿಂದಿನ ಸೀಟಿನ ಬ್ರೇಕು

ಕಾರಿನ್ನೂ ಕದಲಿರಲೇ ಇಲ್ಲ. ಹಿಂದಿನ ಸೀಟಿನಲ್ಲಿ ಕೂತಿದ್ದ ಅಮ್ಮನ ಬಲಗಾಲು ಆಗಲೇ ನೆಲವನ್ನು ಒತ್ತಿ ಹಿಡಿದಿತ್ತು.

"ಅಮ್ಮಾ, ಇಂಜಿನ್ನೇ ಆನ್ ಆಗಿಲ್ಲ," ಎಂದಳು ಮಗಳು, ಕನ್ನಡಿಯಲ್ಲಿ ಅವಳನ್ನು ನೋಡುತ್ತ.

"ಗೊತ್ತು. ನೀನು ಮುಂದೆ ನೋಡು."

ಮಗಳನ್ನು ಮನೆಯಲ್ಲಿ ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು. ಗುಬ್ಬಿಗೆ ಹದಿನೆಂಟು ತುಂಬಿ, ಲೈಸೆನ್ಸ್ ಕೈಗೆ ಬಂದು ಇನ್ನೂ ಅದರ ಬಿಸಿ ಆರಿರಲಿಲ್ಲ. ಹಳೇ ಕಾರುಗಳ ಆ ಅಂಗಳದಲ್ಲಿ ಸಾಲಾಗಿ ನಿಂತ ಕಾರುಗಳ ನಡುವೆ ಈ ಕೆಂಪು ಕಾರನ್ನು ಕಂಡದ್ದೇ ತಡ, ಅವಳು ಅಪ್ಪನ ತೋಳು ಬಿಟ್ಟು ಓಡಿ ಬಂದು ಅದರ ಬೆನ್ನು ಸವರಿದ್ದಳು. ಈಗ ಸ್ಟಿಯರಿಂಗನ್ನು ಹಿಡಿದ ರೀತಿ ನೋಡಿದರೆ ಕಾರು ಅವಳದೇ ಆಗಿಹೋಗಿತ್ತು, ಕೊಳ್ಳುವುದೊಂದು ಬಾಕಿ.

ಅಪ್ಪ ಹತ್ತಲಿಲ್ಲ. ಹೊರಗೆ ನಿಂತು ಕಾರಿನ ಸುತ್ತ ಒಂದು ಸುತ್ತು ಬಂದ. ಮತ್ತೆ ಬಂದ. ಎಡಗಡೆಯ ಬಾಗಿಲ ಬಳಿ ಬಗ್ಗಿ, ಕಣ್ಣು ಕಿರಿದು ಮಾಡಿ, ಬಲಗಡೆಗೆ ಹೋಗಿ ಹಾಗೇ ಬಗ್ಗಿದ. ಅವನಿಗೆ ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುವ ಕೆಲಸ. ಗಿರಾಕಿಗಳು ಗೋಡೆಯ ಒಂದು ಚಕ್ಕೆ ತಂದು ಇದೇ ಬಣ್ಣ ಬೇಕು ಎಂದರೆ ಅದೇ ಬಣ್ಣ ಮಾಡಿಕೊಡುತ್ತಿದ್ದ. ಹೆಂಡತಿಯ ಹೊಸ ಸೀರೆ ಯಾವುದು, ಹಳೆಯದು ಯಾವುದು ಎಂಬುದು ಮಾತ್ರ ಅವನಿಗೆ ಇವತ್ತಿಗೂ ತಿಳಿಯುತ್ತಿರಲಿಲ್ಲ.

"ಈ ಬಾಗಿಲಿನ ಕೆಂಪು ಬೇರೆ, ಆ ಬಾಗಿಲಿನ ಕೆಂಪು ಬೇರೆ," ಎಂದ.

"ಬಿಸಿಲಿಗೆ ಹಾಗೆ ಕಾಣುತ್ತೆ ಸಾರ್," ಎಂದ ಅಂಗಳದ ದಲ್ಲಾಳಿ.

"ಬಿಸಿಲು ಒಂದೇ ಬಾಗಿಲು ಹುಡುಕಿಕೊಂಡು ಬರುತ್ತಾ?"

ದಲ್ಲಾಳಿ ನಕ್ಕ. ಅಪ್ಪನೂ ನಕ್ಕ. ನಕ್ಕು ಮುಗಿದ ಮೇಲೂ ಅಪ್ಪ ಅಲ್ಲಿಂದ ಕದಲದೇ ಇದ್ದುದರಿಂದ ದಲ್ಲಾಳಿ ಕಿವಿ ತುರಿಸಿಕೊಂಡು, "ಸಣ್ಣ ಟಚಪ್ ಸಾರ್. ಯಾರೋ ಬಂದು ತಾಗಿಸಿದ್ರಂತೆ. ಹಳೇ ಗಾಡಿ ಅಂದ್ಮೇಲೆ..." ಎಂದ.

ಅಮ್ಮನಿಗೆ ಅಷ್ಟು ಸಾಕಾಯಿತು. ಬಾಗಿಲು ತೆಗೆದು ಇಳಿಯಲು ಹೋದಳು. ಸೀಟ್ ಬೆಲ್ಟ್ ಅವಳನ್ನು ಹಿಂದಕ್ಕೆ ಎಳೆದು ಕೂರಿಸಿತು. ಕೆಂಪು ಕಾರಿನ ಕಥೆ ಅಲ್ಲಿಗೆ ಮುಗಿಯಿತು.

ಮೂವರೂ ಅಂಗಳದಿಂದ ಹೊರಬಿದ್ದು ರಸ್ತೆಯ ಅಂಚಿನಲ್ಲಿ ನಡೆದರು. ಗುಬ್ಬಿ ಮುಂದೆ, ಅವಳ ಹಿಂದೆ ಅಪ್ಪ, ಕೊನೆಗೆ ಬ್ಯಾಗನ್ನು ಎದೆಗವಚಿಕೊಂಡ ಅಮ್ಮ. ಆವತ್ತು ಶನಿವಾರ. ಹೊಳೆಯಾಚೆಯ ಪ್ರಾಣಿಗಳ ಆಸ್ಪತ್ರೆಯಲ್ಲಿ ಗುಬ್ಬಿಗೆ ತರಬೇತಿಯ ಜಾಗ ಸಿಕ್ಕಿತ್ತು. ಸೋಮವಾರ ಸೇರಬೇಕು. ಅಲ್ಲಿ ಬೆಳಕು ಹರಿಯುವ ಮುಂಚೆ ಕೆಲಸ ಶುರು, ಆ ಹೊತ್ತಿಗೆ ಬಸ್ಸಿಲ್ಲ. ಹೊತ್ತಿಗೆ ಬರಲಾಗದಿದ್ದರೆ ಮುಂದಿನವರನ್ನು ಕರೆಯುತ್ತೇವೆ ಎಂದು ಅವರು ಮುಲಾಜಿಲ್ಲದೆ ಹೇಳಿದ್ದರು. ಹಾಗಾಗಿ ಕಾರು. ಮನೆಯಲ್ಲಿ ಒಂದು ಒಪ್ಪಂದವೂ ಆಗಿತ್ತು: ಅಪ್ಪ ಹೊರಗಿನಿಂದ ನೋಡುವುದು, ಗುಬ್ಬಿ ಓಡಿಸಿ ನೋಡುವುದು, ಅಮ್ಮ ಹಿಂದೆ ಕೂತು ನೋಡುವುದು. ಅಮ್ಮ ಹೂಂ ಎನ್ನದೆ ಯಾವ ಕಾರೂ ಮನೆಗೆ ಬರುವಂತಿಲ್ಲ.

ಅಮ್ಮ ಇದುವರೆಗೆ ಹೂಂ ಎಂದಿರಲಿಲ್ಲ. ಮೊದಲು ನೋಡಿದ ಕಾರಿಗೆ ಏರ್‌ಬ್ಯಾಗ್ ಇರಲಿಲ್ಲ. ಅದು ಸರಿಯೇ. ಆಮೇಲಿನದರ ಟೈರು ಸವೆದು ನುಣ್ಣಗಾಗಿತ್ತು. ಅದೂ ಸರಿ. ಮತ್ತೊಂದು ಎಲ್ಲ ರೀತಿಯಲ್ಲೂ ಚೆನ್ನಾಗಿತ್ತು, ಬೆಲೆಯೂ ಕೈಗೆಟಕುವಂತಿತ್ತು. ಅದರ ಹಾರ್ನು ತೀರಾ ಮೆತ್ತಗಿದೆ ಎಂದು ಬೇಡವೆಂದಳು. "ಹಾರ್ನು ಜೋರಾಗಿದ್ದಿದ್ರೆ ನೀನು ಜೋರಾಯ್ತು ಅಂತಿದ್ದೆ," ಎಂದು ಅಪ್ಪ ಆಗ ನಗೆಯಾಡಿದ್ದ.

ಈಗ ಗುಬ್ಬಿ ನಡೆಯುತ್ತಲೇ ತಿರುಗದೆ ಹೇಳಿದಳು: "ನಿಂಗೆ ಬೇಡದೇ ಇರೋದು ಕಾರಲ್ಲಮ್ಮ. ನಾನು ಹೋಗೋದು."

"ಏ, ಹಾಗೆಲ್ಲ ಮಾತಾಡಬೇಡ," ಎಂದ ಅಪ್ಪ.

ಅಮ್ಮ ಬ್ಯಾಗನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡಳು. ಅವಳು ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ಕಾಲು ಮುರಿದುಕೊಂಡವರನ್ನು ಎರಡು ಸರಳುಗಳ ನಡುವೆ ನಿಲ್ಲಿಸಿ, ಮತ್ತೆ ಹೆಜ್ಜೆಯಿಡಲು ಕಲಿಸುತ್ತಿದ್ದಳು. ಅವರಲ್ಲಿ ಮುಕ್ಕಾಲು ಪಾಲು ರಸ್ತೆಯಿಂದ ಬಂದವರು. ಎಲ್ಲರ ಕಥೆಯೂ ಒಂದೇ ಮಾತಿನಿಂದ ಶುರುವಾಗುತ್ತಿತ್ತು: "ಎಲ್ಲಾ ಸರಿಯಾಗೇ ಇತ್ತು ಮೇಡಂ..." ಹಾಗಾಗಿ ಎಲ್ಲ ಸರಿಯಾಗಿದೆ ಎನ್ನಿಸಿದ ಕೂಡಲೇ ಅವಳು ಏನು ತಪ್ಪಿದೆ ಎಂದು ಹುಡುಕತೊಡಗುತ್ತಿದ್ದಳು. ಅವಳಿಗೆ ಯಾವ ಗಾಡಿ ಓಡಿಸಲೂ ಬಾರದು. ಆದರೂ ಹತ್ತಿದ ಗಾಡಿಯನ್ನೆಲ್ಲ ಅವಳೇ ಓಡಿಸುತ್ತಿದ್ದಳು, ಹಿಂದಿನ ಸೀಟಿನಿಂದ, ಬಲಗಾಲಿನಿಂದ. ರಾತ್ರಿ ಬಸ್ಸಿನಲ್ಲೂ ಎವೆ ಮುಚ್ಚಿದವಳಲ್ಲ. ಬಸ್ಸೆಲ್ಲ ಗೊರಕೆ ಹೊಡೆಯುತ್ತಿದ್ದರೆ, ತಾನೂ ಮಲಗಿಬಿಟ್ಟರೆ ದಾರಿ ನೋಡುವವರು ಯಾರು ಎಂದು ನೆಟ್ಟಗೆ ಕೂತಿರುತ್ತಿದ್ದಳು. ಊರು ಮುಟ್ಟಿದ ಮೇಲೆ ಅಪ್ಪ, "ಡ್ರೈವರ್‌ಗೆ ಕೊಡೋ ಸಂಬಳದಲ್ಲಿ ಅರ್ಧ ಇವಳಿಗೆ ಸೇರಬೇಕು," ಎನ್ನುತ್ತಿದ್ದ.

ಮಧ್ಯಾಹ್ನದ ಊಟ ಮುಗಿಯಿತು. ಕೈ ತೊಳೆದು ಬಂದ ಅಪ್ಪ ಇನ್ನೊಂದು ಕಾರಿನ ಸುದ್ದಿ ತೆಗೆದ. ಕುಂಡಗಳಿಗೆ ಬಣ್ಣ ಕೊಳ್ಳಲು ಅಂಗಡಿಗೆ ಬರುವ ನರ್ಸರಿಯ ಹೆಂಗಸೊಬ್ಬರು, ಗಿಡ ಸಾಗಿಸಲು ಸಣ್ಣ ಲಾರಿ ತೆಗೆದುಕೊಂಡಿದ್ದಾರೆ, ಹಳೇ ಕಾರು ಕೊಡುತ್ತಾರಂತೆ.

"ಇದೊಂದು ನೋಡೋಣ. ಆಗಲಿಲ್ಲ ಅಂದ್ರೆ ಬಿಡೋಣ."

ಬಿಡೋಣ ಎಂಬ ಮಾತಿಗೆ ಗುಬ್ಬಿ ತಲೆ ತಗ್ಗಿಸಿದ್ದನ್ನು ಅಮ್ಮ ನೋಡಿದಳು.

ನರ್ಸರಿಯ ತಗಡಿನ ಮಾಡಿನ ಕೆಳಗೆ, ಕುಂಡಗಳ ರಾಶಿಯ ಪಕ್ಕದಲ್ಲಿ ಆ ಕಾರು ನಿಂತಿತ್ತು. ಒದ್ದೆ ಮಣ್ಣಿನ ಬಣ್ಣ. ಅಗಲವಾದ ಹಿಂಭಾಗ. ಮುಂದಿನ ಎರಡು ದೀಪಗಳು ಅರ್ಧ ನಿದ್ದೆಯಲ್ಲಿರುವ ಕಣ್ಣುಗಳಂತಿದ್ದವು.

"ಅಪ್ಪ, ಇದು ಕಾರಾ ಎಮ್ಮೆನಾ?" ಎಂದು ಗುಬ್ಬಿ ಪಿಸುಗುಟ್ಟಿದಳು.

ಪಿಸುಮಾತು ನರ್ಸರಿಯಾಕೆಗೆ ಕೇಳಿಸಿತು. ಕೈಯ ಮಣ್ಣನ್ನು ಸೊಂಟಕ್ಕೆ ಒರೆಸಿಕೊಳ್ಳುತ್ತ ಬಂದ ಆಕೆ ಗಟ್ಟಿಯಾಗಿ ನಕ್ಕರು. "ನಾವೂ ಎಮ್ಮೆ ಅಂತಾನೇ ಕರೆಯೋದಮ್ಮ. ಓಡು ಅಂದ್ರೆ ಯೋಚನೆ ಮಾಡುತ್ತೆ. ನಿಲ್ಲು ಅಂದ್ರೆ ಮಾತ್ರ ಥಟ್ಟನೆ ನಿಲ್ಲುತ್ತೆ."

ಅಮ್ಮನ ಕಿವಿ ನೆಟ್ಟಗಾಯಿತು. ಮುಂದೆ ಏರ್‌ಬ್ಯಾಗ್ ಇದೆಯೇ? ಇದೆ. ಪಕ್ಕಕ್ಕೆ? ಅಲ್ಲೂ ಇದೆ. ಬ್ರೇಕು ಒತ್ತಿದರೆ ಜಾರದೆ ನಿಲ್ಲುವ ವ್ಯವಸ್ಥೆ? ಅದೂ ಇದೆ. ಯಾವತ್ತಾದರೂ ಎಲ್ಲಾದರೂ ತಾಗಿಸಿದ್ದುಂಟೇ?

"ಗೇಟಿಗೆ ಒಂದ್ಸಲ ಗುದ್ದಿದ್ದೆ. ಗೇಟು ಹೋಯ್ತು," ಎಂದರು ಆಕೆ.

ಅಪ್ಪ ಸುತ್ತು ಹಾಕಿ ಬಂದ. "ಬಣ್ಣ ದರಿದ್ರವಾಗಿದೆ. ಆದ್ರೆ ಎಲ್ಲಾ ಕಡೆ ಒಂದೇ ದರಿದ್ರ," ಎಂದು ತೀರ್ಪು ಕೊಟ್ಟ.

"ಒಂದು ರೌಂಡ್ ಹೋಗಿ ಬನ್ನಿ," ಎಂದು ನರ್ಸರಿಯಾಕೆ ಕೀಲಿಯನ್ನು ಗುಬ್ಬಿಯ ಕೈಗೆ ಹಾಕಿದರು. ಗುರುತು ಪರಿಚಯ ಸಾಲದವರ ಕೈಗೆ ಹೀಗೆ ಕಾರು ಕೊಡುವುದೇ? ಅಮ್ಮನಿಗೆ ಆಕೆಯ ಪರವಾಗಿಯೂ ಭಯವಾಯಿತು. ಎದೆಗವಚಿಕೊಂಡಿದ್ದ ಬ್ಯಾಗನ್ನು ತೆಗೆದು ಆಕೆಯ ಮುಂದೆ ಹಿಡಿದಳು. "ಇದು ನಿಮ್ಮ ಹತ್ರ ಇರಲಿ. ನಾವು ಬರೋ ತನಕ."

"ಅಯ್ಯೋ, ಇದ್ಯಾಕಕ್ಕ?"

"ಇರಲಿ, ಇಟ್ಕೊಳ್ಳಿ."

ಕಾರು ಹೊರಟಿತು. ಅಪ್ಪ ಮುಂದೆ ಗುಬ್ಬಿಯ ಪಕ್ಕದಲ್ಲಿ ಕೂತ. ಹಿಂದೆ ಅಮ್ಮ, ಬೆಲ್ಟ್ ಬಿಗಿದುಕೊಂಡು, ಬಲಗಾಲನ್ನು ನೆಲಕ್ಕೆ ಒತ್ತಿ ಕೂತಳು. ಒಳಗೆಲ್ಲ ಒಣಗಿದ ಎಲೆಯ, ನೀರು ಹನಿಸಿದ ಮಣ್ಣಿನ ವಾಸನೆ. ಹಿಡಿದುಕೊಳ್ಳಲು ಬ್ಯಾಗಿಲ್ಲದೆ ಅವಳ ಕೈಗಳಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಕೊನೆಗೆ ಅವು ಮಡಿಲಲ್ಲಿ ಅಂಗಾತ ಬಿದ್ದುಕೊಂಡವು.

ಅವಳು ನೋಡುತ್ತಿದ್ದಳು. ಖಾಲಿ ರಸ್ತೆಯ ತಿರುವಿನಲ್ಲೂ ಗುಬ್ಬಿ ಇಂಡಿಕೇಟರ್ ಹಾಕಿದಳು. ಶಾಲೆಯ ಕಾಂಪೌಂಡಿನ ಬಳಿ ತಾನಾಗಿಯೇ ನಿಧಾನಿಸಿದಳು. ಕನ್ನಡಿ ನೋಡಿದಳು, ಪಕ್ಕ ನೋಡಿದಳು, ಮತ್ತೆ ಕನ್ನಡಿ ನೋಡಿದಳು. ಹಾಗೆ ನೋಡುವಾಗ ಕುತ್ತಿಗೆಯನ್ನು ಒಂದಿಷ್ಟು ಮುಂದೆ ಚಾಚುವುದು ಥೇಟ್ ಅಮ್ಮನದೇ ರೀತಿ. ಅಷ್ಟರಲ್ಲಿ ಎರಡು ಮನೆಗಳ ಸಂದಿಯಿಂದ ಕಂದು ನಾಯಿಯೊಂದು ನುಗ್ಗಿ ಬಂತು. ಅಮ್ಮನ ಕಾಲು ನೆಲವನ್ನು ಒತ್ತಿತು. ಆದರೆ ಅದು ಒತ್ತುವಷ್ಟರಲ್ಲಿ ಕಾರು ನಿಂತಿತ್ತು. ನಾಯಿ ಕಾರಿನ ಮೂತಿಯನ್ನು ಒಮ್ಮೆ ನೋಡಿ ರಸ್ತೆ ದಾಟಿತು.

"ಹೋಗಿ ಬಾರಪ್ಪ," ಎಂದಳು ಗುಬ್ಬಿ ನಾಯಿಗೆ.

ಕಾರು ಮತ್ತೆ ಹೊರಟಿತು. ಇಂಜಿನ್ನಿನ ಸದ್ದು ತಗ್ಗಿನಲ್ಲಿತ್ತು, ಪಕ್ಕದ ಕೋಣೆಯಲ್ಲಿ ಯಾರೋ ಒಂದೇ ಸಮ ಮಾತಾಡುತ್ತಿರುವಂತೆ. ಕಿಟಕಿಯಿಂದ ಬಿಸಿಲು ಅಮ್ಮನ ಎಡಗೆನ್ನೆಗೆ ಬೀಳುತ್ತಿತ್ತು. ಈ ವಾರವೆಲ್ಲ ಅವಳಿಗೆ ಸರಿಯಾಗಿ ನಿದ್ದೆ ಹತ್ತಿರಲಿಲ್ಲ. ಏರಿನಲ್ಲಿ ಗೇರು ಬದಲಿಸುವಾಗ ಸದ್ದು ಬರುತ್ತದೋ ನೋಡಬೇಕು ಎಂದುಕೊಂಡಳು.

ಬಿಸಿಲು ಬಲಗೆನ್ನೆಯ ಮೇಲಿತ್ತು.

ಅದು ಹೇಗೆ ಎಂದು ಅವಳಿಗೆ ತಕ್ಷಣ ಹೊಳೆಯಲಿಲ್ಲ. ಕಾರು ಓಡುತ್ತಲೇ ಇತ್ತು. ಕುತ್ತಿಗೆ ವಾಲಿತ್ತು, ಗಲ್ಲಕ್ಕೆ ಬೆಲ್ಟಿನ ಅಂಚು ಒತ್ತಿ ಉರಿಯುತ್ತಿತ್ತು. ಮೈಮೇಲೆ ಅಪ್ಪನ ಜಾಕೆಟ್ಟು. ಕಣ್ಣು ತೆರೆಯಬೇಕು ಎನ್ನುವಷ್ಟರಲ್ಲಿ ಅಪ್ಪನ ಪಿಸುದನಿ ಕೇಳಿಸಿತು. ಫೋನಿನಲ್ಲಿ ಮಾತಾಡುತ್ತಿದ್ದ.

"ಇಲ್ಲಮ್ಮ, ಕದ್ದುಕೊಂಡು ಹೋಗಿಲ್ಲ... ಗಾಡಿಗೇನೂ ಆಗಿಲ್ಲ... ನಮ್ಮನೆಯವಳು ಮಲಗಿಬಿಟ್ಟಿದಾಳೆ."

ಫೋನಿನಾಚೆಯ ನರ್ಸರಿಯಾಕೆಯ ದನಿ ಕಾರಿಗೆಲ್ಲ ಕೇಳುವಂತಿತ್ತು. "ಅಯ್ಯೋ, ಹುಷಾರಿಲ್ವಾ?"

"ಹುಷಾರಾಗಿದಾಳೆ. ಗೊರಕೆ ಹೊಡೀತಿದಾಳೆ."

"ಹಾಗಿದ್ರೆ ಎಬ್ಬಿಸಿ ಕರ್ಕೊಂಡು ಬನ್ನಿ!"

"ಎಬ್ಬಿಸೋದಾ?" ಅಪ್ಪನ ದನಿಯಲ್ಲಿ ಗಾಬರಿ. "ನಮ್ಮ ಮದುವೆಯಾದಾಗಿನಿಂದ ಇವಳು ಗಾಡೀಲಿ ಮಲಗಿದ್ದನ್ನ ನಾನು ನೋಡೇ ಇಲ್ಲಮ್ಮ. ಇನ್ನೊಂದು ಸ್ವಲ್ಪ. ಬ್ಯಾಗು ನಿಮ್ಮ ಹತ್ರಾನೇ ಇದೆಯಲ್ಲ."

"ಅಪ್ಪ, ಮೆಲ್ಲಗೆ," ಎಂದಳು ಗುಬ್ಬಿ. "ಮುಂದೆ ಸಿಗ್ನಲ್ ಬರುತ್ತೆ. ನಿಲ್ಲಿಸಿದ್ರೆ ಎದ್ದುಬಿಡ್ತಾಳೆ. ಮತ್ತೆ ಪಾರ್ಕ್ ಸುತ್ತಿಕೊಂಡು ಹೋಗ್ಲಾ?"

"ಹೋಗು. ಆ ಕಡೆ ರೋಡ್ ಹಂಪ್ ಇದೆ, ಈ ಕಡೆಯಿಂದ ಹೋಗು."

"ಪೆಟ್ರೋಲ್ ದೀಪ ಹತ್ತಿಕೊಂಡಿದೆ ಅಪ್ಪ."

"ಹತ್ತಿಕೊಂಡಿರಲಿ. ದೀಪಕ್ಕೆ ಬಾಯಿಲ್ವಲ್ಲ, ಇವಳನ್ನ ಎಬ್ಬಿಸೋಕೆ."

ಅಮ್ಮ ಕಣ್ಣು ತೆರೆಯಲಿಲ್ಲ. ತಾನು ಕಾಯದಿದ್ದ ಹೊತ್ತಿನಲ್ಲಿ ಪಾರ್ಕನ್ನು ಎಷ್ಟು ಸಲ ಸುತ್ತಿದ್ದರೋ, ಎಷ್ಟು ನಾಯಿಗಳು ದಾಟಿದವೋ. ಮುಂದೆ ಕೂತವರಿಬ್ಬರೂ, ತೊಟ್ಟಿಲ ಬಳಿ ಮಾತಾಡುವವರಂತೆ, ಗುಸುಗುಸು ಮಾಡುತ್ತಲೇ ಇದ್ದರು. ಗುಬ್ಬಿ ತಿರುವನ್ನು ಎಷ್ಟು ನಯವಾಗಿ ತೆಗೆದುಕೊಂಡಳೆಂದರೆ ತಿರುಗಿದ್ದು ಗೊತ್ತಾದದ್ದು ಬಿಸಿಲು ಮತ್ತೆ ಕೆನ್ನೆ ಬದಲಿಸಿದಾಗ.

"ನಾನೇನೂ ಮಲಗಿರಲಿಲ್ಲ," ಎಂದಳು ಅಮ್ಮ, ಕಣ್ಣು ಮುಚ್ಚಿಕೊಂಡೇ.

ಅಪ್ಪ ಸೀಟಿನಲ್ಲಿ ಹಾರಿ ಬಿದ್ದ. ಗುಬ್ಬಿ ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ರಸ್ತೆಯ ಅಂಚಿಗೆ ಕಾರು ತಂದು, ಹ್ಯಾಂಡ್ ಬ್ರೇಕ್ ಎಳೆದಳು. ಆಮೇಲೆ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ನಗತೊಡಗಿದಳು. ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಗು ಅಮ್ಮನಿಗೂ ತಗುಲಿತು. ತಡೆಯಲು ಹೋಗಿ ಮೂಗಿನಿಂದ ಹೊರಬಂತು.

"ಇಷ್ಟು ಹೊತ್ತೂ ಗೊರಕೆ ಹೊಡೆದದ್ದು ಈ ಎಮ್ಮೆ ಹಾಗಾದ್ರೆ," ಎಂದ ಅಪ್ಪ.

"ಇರಬಹುದು. ನೋಡಿ, ಇಂಜಿನ್ ತೋರಿಸಬೇಕು."

ನಗು ಇಳಿದ ಮೇಲೆ ಗುಬ್ಬಿ ಹಿಂದಕ್ಕೆ ತಿರುಗಿದಳು. ಮುಖದಲ್ಲಿ ನಗು ಇನ್ನೂ ಉಳಿದಿತ್ತು, ಆದರೆ ಕಣ್ಣುಗಳು ಕಾಯುತ್ತಿದ್ದವು. "ಹೇಗಿದೆಯಮ್ಮ ಕಾರು?"

ಅಮ್ಮ ಗಲ್ಲದ ಮೇಲಿನ ಬೆಲ್ಟಿನ ಗೆರೆಯನ್ನು ಸವರಿಕೊಂಡಳು. "ಬಣ್ಣ ಚೆನ್ನಾಗಿಲ್ಲ."

"ಬಣ್ಣ ನನಗೆ ಬಿಡು," ಎಂದ ಅಪ್ಪ.

"ಮಣ್ಣು ವಾಸನೆ."

"ನಂಗಿಷ್ಟ ಆಯ್ತು ಅದು," ಎಂದಳು ಗುಬ್ಬಿ. "ಅಂದ್ರೆ... ಬೇಡ ಅಂತಾನಾ?"

"ಅಂದ್ರೆ ಮೊದಲು ಪೆಟ್ರೋಲ್ ಹಾಕಿಸು. ಬೇರೆಯವರ ಗಾಡೀನ ಖಾಲಿ ಮಾಡಿ ವಾಪಸ್ ಕೊಡ್ತಾರಾ ಯಾರಾದ್ರೂ? ರೀ, ಆಕೆಗೆ ಫೋನ್ ಮಾಡಿ, ಇನ್ನೂ ಸ್ವಲ್ಪ ತಡವಾಗುತ್ತೆ ಅನ್ನಿ."

"ಇನ್ನೂ ಯಾಕೆ ತಡ?"

"ಸೇತುವೆ ದಾಟಿ ಆ ಆಸ್ಪತ್ರೆ ತನಕ ಹೋಗಿ ಬರೋಣ. ಸೋಮವಾರ ಇವಳು ಹೋಗೋ ದಾರಿ ಹೇಗಿದೆ ನೋಡಬೇಡ್ವಾ?"

ಗುಬ್ಬಿ ಮುಂದೆ ತಿರುಗಿದಳು. ಕನ್ನಡಿ ನೋಡಿದಳು. ಅದರಲ್ಲಿ ಅಮ್ಮನ ಮುಖ ಕಂಡಿತು. ಅದನ್ನು ಒಂದು ಕ್ಷಣ ಹೆಚ್ಚಾಗಿಯೇ ನೋಡಿ, ಹ್ಯಾಂಡ್ ಬ್ರೇಕ್ ಇಳಿಸಿದಳು.

ಪೆಟ್ರೋಲ್ ಹಾಕಿಸಿಕೊಂಡ ಕಾರು ಸೇತುವೆ ಏರಿತು. ಕೆಳಗೆ ಹೊಳೆ ಇಳಿಬಿಸಿಲಿಗೆ ತಗಡಿನಂತೆ ಮಿನುಗುತ್ತಿತ್ತು. ಅಪ್ಪ ಕಾರಿಗೆ ಯಾವ ಬಣ್ಣ ಹೊಡೆಯಬಹುದೆಂದು ಹೇಳುತ್ತಿದ್ದ, ಗುಬ್ಬಿ ಒಂದೊಂದಕ್ಕೂ ಬೇಡ ಬೇಡ ಎನ್ನುತ್ತಿದ್ದಳು. ಹಿಂದೆ ಅಮ್ಮ ಜಾಕೆಟ್ಟನ್ನು ಮಂಡಿಯ ಮೇಲೆ ಎಳೆದುಕೊಂಡು, ಎರಡೂ ಕಾಲುಗಳನ್ನು ಸೀಟಿನ ಮೇಲೆ ಮಡಚಿಕೊಂಡು ಕೂತಿದ್ದಳು. ಕೆಳಗೆ, ಒಣಗಿದ ಎಲೆಯ ಚೂರುಗಳ ನಡುವೆ ಅವಳು ಬಿಟ್ಟ ಚಪ್ಪಲಿಗಳು ಮಾತ್ರ, ರಸ್ತೆ ತಿರುಗಿದಾಗಲೆಲ್ಲ, ಆ ಕಡೆಗಷ್ಟು ಈ ಕಡೆಗಷ್ಟು ಮೆಲ್ಲಗೆ ಜಾರುತ್ತಿದ್ದವು.