ಚಿಗಟ ಯಾರ ಮನೆಯದು

ಚಂದ್ರಪ್ರಭಾ ಆಂಟಿ ಸಿಡ್ನಿಯ ಟೂಂಗಾಬಿಯಿಂದ ಕಾರಿನಲ್ಲಿ ಬಂದು, ತಮ್ಮ ಪುಟ್ಟ ನಾಯಿ ರಾಗಿಯನ್ನು ಮೆಲ್ಬರ್ನ್‌ನ ಟಾರ್ನೀಟ್‌ನಲ್ಲಿರುವ ಸಂಯುಕ್ತಾಳ ಮನೆಯಲ್ಲಿ ಬಿಟ್ಟು ಟಾಸ್ಮೇನಿಯಾ ಪ್ರವಾಸಕ್ಕೆ ಹೋಗಿದ್ದರು. ಮರುದಿನ ಬೆಳಿಗ್ಗೆಯಿಂದ ರಾಗಿಗೆ ಒಂದೇ ಕೆರೆತ. ಬೆನ್ನಿನ ಕೂದಲು ಸರಿಸಿದರೆ ಕರಿಯ ಪುಡಿ. ಸಂಯುಕ್ತಾ ಅದನ್ನು ಒದ್ದೆ ಟಿಶ್ಯೂ ಮೇಲೆ ಉದುರಿಸಿದಳು. ಕೆಂಪಗೆ ಹರಡಿತು. ಚಿಗಟದ ಹಿಕ್ಕೆ, ಅದರಲ್ಲಿದ್ದುದು ನಾಯಿಯದೇ ರಕ್ತ.

"ಆಂಟಿಗೆ ಹೇಗೋ ಹೇಳೋದು?" ಎಂದು ಗಂಡ ಇಂದ್ರೇಶ್‌ನನ್ನು ಕೇಳಿದಳು.

ಆಂಟಿಯ ಮನೆಯಲ್ಲಿ ಬಾಗಿಲ ಬಳಿಯ ಚಪ್ಪಲಿಗಳೂ ಓರೆಯಾಗಿರುವುದಿಲ್ಲ. ಓದುವ ದಿನಗಳಲ್ಲಿ ಇಂದ್ರೇಶ್ ಉಂಡು ಬೆಳೆದದ್ದು ಆ ಮನೆಯಲ್ಲೇ.

"ಹೇಳೋದೇ ಬೇಡ," ಎಂದ ಇಂದ್ರೇಶ್. ಕತ್ತಿನ ಹಿಂದೆ ಚರ್ಮಕ್ಕೆ ಹಾಕುವ ಔಷಧಿಯ ಟ್ಯೂಬನ್ನು ಸೂಪರ್‌ಮಾರ್ಕೆಟ್‌ನಿಂದ ತಂದಿದ್ದ. "ಸೈಲೆಂಟಾಗಿ ಹಾಕ್ಬಿಡೋಣ. ಇದು ದೊಡ್ಡ ನಾಯಿಗಳದ್ದು, ರಾಗಿಗೆ ಅರ್ಧ ಸಾಕು."

"ಸಾರಿಗೆ ಉಪ್ಪು ಹಾಕ್ತಿದೀಯಾ, ಅಂದಾಜಿಗೆ?"

ಸಂಯುಕ್ತಾ ಲೇಬಲ್ ಓದಿದಳು. ನಾಯಿಯ ತೂಕಕ್ಕೆ ತಕ್ಕ ಪ್ಯಾಕೇ ಆಗಬೇಕು, ಪಾಲು ಮಾಡಬಾರದು. ಬೇರೆ ಚಿಗಟದ ಔಷಧಿ ಕೊಟ್ಟಿದ್ದರೆ ಮೊದಲು ಪಶುವೈದ್ಯರನ್ನು ಕೇಳಬೇಕು. ಕೊಟ್ಟಿದ್ದಾರೋ ಇಲ್ಲವೋ, ಆಂಟಿಗೆ ಮಾತ್ರ ಗೊತ್ತು. ಒಂದರ ಮೇಲೊಂದು ಔಷಧಿ ಬಿದ್ದು ನಾಯಿಗೆ ಏನಾದರೂ ಆದರೆ? ಫೋನ್ ಮಾಡಿದಳು.

"ಆಂಟಿ, ರಾಗಿಗೆ ಚಿಗಟಕ್ಕೆ ಏನಾದ್ರೂ ಕೊಟ್ಟಿದ್ರಾ?"

"ಚಿಗಟನಾ? ನಮ್ಮನೇಲಿ ಅಂಥದ್ದೆಲ್ಲ ಇಲ್ಲಮ್ಮ." ದನಿ ಬಿಗಿಯಾಯಿತು.

ಇಂದ್ರೇಶ್ ಟ್ಯೂಬಿನ ಮುಚ್ಚಳಕ್ಕೆ ಕೈ ಹಾಕಿದ. ಸಂಯುಕ್ತಾ ಅವನ ಕೈ ಹಿಡಿದುಕೊಂಡೇ ಹೇಳಿದಳು: "ನಿಮ್ಮನೇದಲ್ಲ ಆಂಟಿ, ನಮ್ಮ ಕಾರ್ಪೆಟ್‌ದೇ ಇರ್ಬೇಕು. ಹಿಂದೆ ಇದ್ದ ಟೆನೆಂಟ್ ಎರಡು ನಾಯಿ ಸಾಕಿದ್ರಂತೆ."

ಆಂಟಿಯ ದನಿ ಸಡಿಲವಾಯಿತು.

"ಓ, ಹಾಗಾ? ಪಾಪ, ರೆಂಟ್ ಮನೆ ಅಂದ್ರೆ ಇಷ್ಟೇ. ಹೊರಡೋ ದಿನ ಒಂದು ಮಾತ್ರೆ ಕೊಟ್ಟಿದ್ದೆ. ಸುಮ್ನೆ, ಮುನ್ನೆಚ್ಚರಿಕೆಗೆ. ತಿಂಗಳು ಪೂರ್ತಿ ಬರತ್ತಂತೆ."

ಮಾತ್ರೆಯ ಹೆಸರು ಕೇಳಿಕೊಂಡು ಅವಳು ಹತ್ತಿರದ ಪಶುವೈದ್ಯರಿಗೆ ಫೋನ್ ಮಾಡಿದಳು. ಅದರ ಮೇಲೆ ಇನ್ನೊಂದು ಬೇಡ, ಎಂದರು ಅವರು. ರಾಗಿ ಮಲಗುವ ಹಾಸನ್ನು ಬಿಸಿನೀರಲ್ಲಿ ಒಗೆಯಿರಿ, ಮನೆಯೆಲ್ಲ ವ್ಯಾಕ್ಯೂಮ್ ಮಾಡಿ. ವಾಂತಿಯೋ ನಡುಕವೋ ಕಂಡರೆ ತಕ್ಷಣ ಕರೆತನ್ನಿ.

ಸಂಜೆ ಆಂಟಿಯೇ ಫೋನ್ ಮಾಡಿದರು. "ಕಾರ್ಪೆಟ್ ಕ್ಲೀನ್ ಮಾಡಿಸಮ್ಮ. ಆಮೇಲೆ ನಮ್ಮನೆಗೂ ಬಂದುಬಿಟ್ರೆ ಕಷ್ಟ."

"ಮಾಡಿಸ್ತೀನಿ ಆಂಟಿ."

ಫೋನ್ ಇಡುತ್ತಲೇ ಇಂದ್ರೇಶ್ ಕೇಳಿದ: "ಹಿಂದಿನ ಟೆನೆಂಟ್ ಒಂದು ಬೆಕ್ಕೂ ಸಾಕಿರ್ಲಿಲ್ವಲ್ಲೇ?"

"ಈಗ ಸಾಕಿದ್ರು ಅನ್ಕೋ," ಎಂದು ಸಂಯುಕ್ತಾ ವ್ಯಾಕ್ಯೂಮ್ ಅವನ ಕೈಗೆ ಕೊಟ್ಟಳು.