ಬಿಸ್ಕತ್ತಿನ ಡಬ್ಬಿಯ ಹಾಡು

"ಇವತ್ತು ನನ್ನ ಕೈಲಾಗಲ್ಲ ಅಕ್ಕ," ಎಂದ ಸಲೂನಿನವನು. ಎಂದ ಅನ್ನುವುದಕ್ಕಿಂತ ಊದಿದ ಅನ್ನಬೇಕು. ಗಂಟಲಿನಿಂದ ಗಾಳಿ ಬಂತೇ ಹೊರತು ಸ್ವರ ಬರಲಿಲ್ಲ. "ಬೆಳಿಗ್ಗೆಯಿಂದ ಗಿರಾಕಿಗಳ ಹತ್ರಾನೂ ಬರೀ ಕೈಸನ್ನೆ. ಒಬ್ಬರಿಗೆ ಮೀಸೆ ಇರಲೋ ಬೇಡವೋ ಅಂತ ಕೇಳೋಕಾಗದೆ ತೆಗೆದೇಬಿಟ್ಟೆ."

"ಅಯ್ಯೋ ಪಾಪಿ! ಅವರೇನಂದ್ರು?"

"ಕನ್ನಡಿ ನೋಡ್ಕೊಂಡ್ರು. ಅವರಿಗೂ ಸ್ವರ ನಿಂತುಹೋಯ್ತು."

ಟೈಲರ್ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ಅವನ ಮಡಿಲಲ್ಲಿದ್ದ ಬಿಸ್ಕತ್ತಿನ ಡಬ್ಬಿಯನ್ನು ತಾನೇ ತೆಗೆದುಕೊಂಡಳು. "ಸರಿ ಬಿಡು. ನೀನು ಗಿಟಾರ್ ನುಡಿಸು, ಚೀಟಿ ನಾನು ತೆಗೀತೀನಿ. ಮುಂದಿನ ವಾರದ ನನ್ನ ಸರದಿ ನಿಂಗೆ."

ಬಣ್ಣದ ಅಂಗಡಿಯ ಮೇಲಿನ ಆ ಕೋಣೆಯಲ್ಲಿ ಶನಿವಾರ ಮಧ್ಯಾಹ್ನ ನಾಲ್ಕಕ್ಕೆ ಬ್ಲೂಸ್ ಸಂಘದ ಸಭೆ. ಸಂಘಕ್ಕೆ ಹನ್ನೊಂದು ವರ್ಷ. 'ಸಂಗೀತವನ್ನು ಎದುರಿಗೆ ಕೂತು ಕೇಳಿ' ಎಂಬ ಕರಪತ್ರವನ್ನು ಸಲೂನಿನ ಕನ್ನಡಿಗೂ ಬೇಕರಿಯ ಗಾಜಿಗೂ ಬಸ್ಸಿನ ಸೀಟಿನ ಬೆನ್ನಿಗೂ ಅಂಟಿಸಿದ್ದೇ ಅಂಟಿಸಿದ್ದು. ಮೊದಲ ವರ್ಷ ನಾಲ್ಕು ಜನ ಬರುತ್ತಿದ್ದರು. ಅದರಲ್ಲಿ ಇಬ್ಬರು ಬರುತ್ತಿದ್ದುದು ಬೇಕರಿಯವಳು ತರುತ್ತಿದ್ದ ಬನ್ನಿಗಾಗಿ, ಒಬ್ಬರು ಮಳೆ ನಿಲ್ಲುವವರೆಗೆ.

ಡಬ್ಬಿಯ ಯೋಚನೆ ಹೊಳೆದದ್ದು ಅಕ್ಕನಿಗೆ. ಬ್ಲೂಸ್ ಎಂದರೆ ಸಂಕಟದ ಹಾಡು; ಸಂಕಟವಿಲ್ಲದ ಮನೆ ಈ ಬೀದಿಯಲ್ಲಿ ಯಾವುದಿದೆ? ಹಾಗಾದರೆ ಬೀದಿಯವರ ಸಂಕಟವನ್ನೇ ಹಾಡೋಣ ಎಂದಳು. ಹಳೆಯ ಬಿಸ್ಕತ್ತಿನ ಡಬ್ಬಿಯ ಮುಚ್ಚಳದಲ್ಲಿ ಸೀಳು ಮಾಡಿಸಿ, ಮೇಲೆ ತನ್ನದೇ ದುಂಡನೆಯ ಅಕ್ಷರದಲ್ಲಿ 'ಬಾಯಿಬಿಟ್ಟು ಹೇಳಲಾಗದ್ದನ್ನು ಇಲ್ಲಿ ಹಾಕಿ' ಎಂದು ಬರೆದು ಬೇಕರಿಯ ಗಲ್ಲಾದ ಪಕ್ಕ ಇಟ್ಟಳು. ಹೆಸರು ಬರೆಯುವಂತಿಲ್ಲ. ಗುರುತು ಸಿಕ್ಕದಿರಲೆಂದು ಜನ ಎಡಗೈಯಲ್ಲಿ ಬರೆದು ಹಾಕುತ್ತಿದ್ದರು. ಶನಿವಾರ ಸರದಿಯಿದ್ದವರು ಒಂದು ಚೀಟಿ ಎತ್ತಿ ಎದುರಿನ ಸ್ಟ್ಯಾಂಡಿಗೆ ಸಿಕ್ಕಿಸಬೇಕು. ಡ್ರಮ್ಮಿನವನು ನಾಲ್ಕು ಎಣಿಸುವುದರೊಳಗೆ ಹಾಡು ಶುರುವಾಗಬೇಕು. ಮೊದಲ ಸಾಲು, ಮತ್ತೆ ಅದೇ ಸಾಲು, ಮೂರನೆಯದು ಅದಕ್ಕೆ ಉತ್ತರ. ಅಷ್ಟೇ ಕಟ್ಟು. ಕೊನೆಗೆ ಚೀಟಿಯನ್ನು ಚೂರುಚೂರು ಮಾಡಿ ಬಕೆಟ್ಟಿಗೆ ಹಾಕುವುದು.

'ಅತ್ತೆ ನನ್ನ ಬ್ರಷ್ಷಿನಲ್ಲಿ ಹಲ್ಲುಜ್ಜುತ್ತಾರೆ' ಎಂಬ ಚೀಟಿ ಬಂದ ದಿನ ಎಲ್ಲರಿಗಿಂತ ಜೋರಾಗಿ ನಕ್ಕವಳು ಆ ಅತ್ತೆಯೇ ಎಂದು ಇವತ್ತಿಗೂ ಹೇಳುತ್ತಾರೆ. ಡಬ್ಬಿ ಬಂದ ಮೇಲೆ ಅರವತ್ತು ಕುರ್ಚಿ ಸಾಲದಾಯಿತು.

ಅಕ್ಕ ಹಾಡಲು ಶುರುಮಾಡಿದ್ದು ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಅದೂ ಗಂಡ ದೂಡಿದ್ದಕ್ಕೆ. ಅದಕ್ಕೆ ಮೊದಲು ಅವಳ ಹಾಡು ಹೊಲಿಗೆಯಂತ್ರದ ಸದ್ದಿನ ಕೆಳಗೇ ಇತ್ತು. ಸೀಸೆ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದು ಬಂದ ಅವನು ಒಂದು ಶನಿವಾರ ಅವಳಿಗೆ ಹೇಳದೆ ಕೇಳದೆ ಸಂಘದ ಸರದಿ ಹಲಗೆಯ ಮೇಲೆ ಅವಳ ಹೆಸರು ಬರೆದುಬಂದಿದ್ದ. ಸಂಘಕ್ಕೆಲ್ಲ ಅವಳು ಅಕ್ಕ, ಹಾಗಾಗಿ ಅವನು ಭಾವ. ಸೀಸೆಗಳ ಗಲಗಲಕ್ಕೆ ಅವನ ಒಂದು ಕಿವಿ ಕೆಲಸದಲ್ಲಿದ್ದಾಗಲೇ ಕೆಟ್ಟಿತ್ತು. "ಎಡಗಿವಿ ಫ್ಯಾಕ್ಟರಿಗೆ ಕೊಟ್ಟೆ ಕಣೇ, ಬಲಗಿವಿ ನಿಂಗೆ ಅಂತ ಇಟ್ಕೊಂಡಿದೀನಿ," ಎನ್ನುವುದು ಅವನ ಹಳೆಯ ತಮಾಷೆ. ಪ್ರತಿ ಶನಿವಾರ ಮುಂದಿನ ಕುರ್ಚಿಯಲ್ಲಿ ಕೂತು ಕೇಳುವನು. ಮೆಟ್ಟಿಲು ಇಳಿಯುವಾಗ ಪ್ರತಿ ಸಲವೂ, "ಹೋದ ಸಲಕ್ಕಿಂತ ಈ ಸಲ ಚೆನ್ನಾಗಿತ್ತು," ಎನ್ನುವನು. ಆ ಮಾತು ಬಿದ್ದ ಮೇಲೆಯೇ ಅಕ್ಕನಿಗೆ ಹಾಡಿ ಮುಗಿಯಿತು ಅನ್ನಿಸುತ್ತಿದ್ದುದು. ಅರವತ್ತು ಜನ ಎದ್ದುನಿಂತು ಚಪ್ಪಾಳೆ ತಟ್ಟಿದರೂ ಅವಳ ಕಣ್ಣು ಹೋಗುತ್ತಿದ್ದುದು ಆ ಕುರ್ಚಿಗೆ. "ನೀವು ಕೇಳೋಕೆ ಬರಲ್ಲ ಅಂದ ದಿನ ನಾನು ಮತ್ತೆ ಮಿಷಿನ್ನಿಗೇ ಹಾಡ್ಕೋತೀನಿ," ಎಂದು ಅವಳು ಎಷ್ಟೋ ಸಲ ಹೇಳಿದ್ದಳು.

ಈಚೆಗೆ ಒಂದೆರಡು ವರ್ಷದಿಂದಂತೂ ಅವನಿಗೆ ಅವಳ ಮೇಲೆ ಹೊಸ ಪ್ರೀತಿ ಬಂದಂತಿತ್ತು. ಊಟಕ್ಕೆ ಪಕ್ಕದಲ್ಲಿ ಕೂರುತ್ತಿದ್ದವನು ಎದುರಿಗೆ ಬಂದು ಕೂರತೊಡಗಿದ್ದ. ಅವಳು ಬಾಯಿ ತೆರೆದರೆ ಸಾಕು, ಮುಖದಿಂದ ಕಣ್ಣು ಕೀಳುತ್ತಿರಲಿಲ್ಲ. ಫೋನು ಬಂದರೆ, "ನೀನೇ ಮಾತಾಡು, ನಂಗೆ ತಲೆನೋವು," ಎಂದು ಅವಳ ಕೈಗೆ ಕೊಡುತ್ತಿದ್ದ. ಈ ವಯಸ್ಸಿನಲ್ಲಿ ಇವರಿಗೇನಾಯಿತಪ್ಪ ಎಂದು ಅಕ್ಕ ಒಳಗೊಳಗೇ ಹಿಗ್ಗಿ, ಕೂದಲಿಗೆ ಬಣ್ಣ ಹಾಕಿಸಲು ಸಲೂನಿನವನನ್ನು ಕೇಳಿಯೂ ಇದ್ದಳು.

ಅಕ್ಕ ಡಬ್ಬಿ ಹಿಡಿದು ಮುಂದೆ ಬಂದಾಗ ಸಲೂನಿನವನು ಎಂದಿನಂತೆ ಮೂಲೆಯ ದೀಪವನ್ನು ಅವಳ ಮುಖಕ್ಕೆ ತಿರುಗಿಸಿದ. ಅವಳು ಹಾಡುವ ದಿನವೆಲ್ಲ ಅವನದು ಇದೊಂದು ಕಾಟ. "ಕಣ್ಣು ಕುಕ್ಕುತ್ತೆ ಮಾರಾಯ," ಎಂದು ಎಷ್ಟು ಬೈದರೂ, "ಮುಖ ಕಾಣಲಿ ಅಕ್ಕ," ಎನ್ನುತ್ತಿದ್ದ. ಡ್ರಮ್ಮಿನ ಹಿಂದೆ ಬಸ್ ಡ್ರೈವರು ಕೂತಿದ್ದ. ಹಾಡು ಮುಗಿದಾಗ ಒಂದು ಕೋಲನ್ನು ನೆಟ್ಟಗೆ ಮೇಲೆತ್ತಿ ಹಿಡಿಯುವುದು ಅವನ ಶೈಲಿ. ಬಸ್ಸು ನಿಲ್ಲಿಸುವ ಅಭ್ಯಾಸ ಎಂದು ಅಕ್ಕ ಛೇಡಿಸುತ್ತಿದ್ದಳು. ಮುಂದಿನ ಸಾಲಿನಲ್ಲಿ ಭಾವನ ಪಕ್ಕಕ್ಕೆ ಬೇಕರಿಯವಳು. ಹಾಡು ಶುರುವಾದರೆ ಆ ಹೆಂಗಸಿನ ಕೈ ಭಾವನ ಮೊಣಕಾಲಿನ ಮೇಲೆ ತಾಳ ಹಾಕುತ್ತಿತ್ತು. ಅದನ್ನು ಕಂಡು ಅಕ್ಕನಿಗೆ ಒಮ್ಮೆ ಮೈ ಉರಿದದ್ದೂ ಉಂಟು. ಆಮೇಲೆ, ಎಪ್ಪತ್ತು ದಾಟಿದವಳು, ಹಿಟ್ಟು ನಾದಿ ನಾದಿ ಕೈ ಸುಮ್ಮನಿರದೇನೋ ಎಂದು ಬಿಟ್ಟಿದ್ದಳು.

ಅವಳು ಡಬ್ಬಿಯೊಳಗೆ ಕೈ ಹಾಕಿದಳು. ಭಾವ ಕುರ್ಚಿಯಿಂದ ಅರ್ಧ ಎದ್ದ. ಅವನು ಸಲೂನಿನವನನ್ನು ನೋಡಿದ, ಡಬ್ಬಿಯನ್ನು ನೋಡಿದ, ಏನೋ ಹೇಳಲು ಬಾಯಿ ತೆರೆದ. ಬೇಕರಿಯವಳು ತೋಳು ಹಿಡಿದು ಕೂರಿಸಿದಳು. ತಾನು ಹಾಡುವುದು ಗೊತ್ತಾಗಿ ಹುರುಪು ಬಂದಿದೆ ಎಂದುಕೊಂಡ ಅಕ್ಕ ಅವನತ್ತ ಕಣ್ಣು ಮಿಟುಕಿಸಿದಳು.

ಚೀಟಿ ಬಿಡಿಸಿ ಸ್ಟ್ಯಾಂಡಿಗೆ ಸಿಕ್ಕಿಸಿದಳು. ಎಡಗೈಯ ಸೊಟ್ಟ ಅಕ್ಷರ. ಡ್ರೈವರು ನಾಲ್ಕು ಎಣಿಸುವಷ್ಟರಲ್ಲಿ ಅವಳಿಗೆ ಓದಲು ಸಿಕ್ಕಿದ್ದು ಮೊದಲ ವಾಕ್ಯ ಮಾತ್ರ. ಉಳಿದದ್ದನ್ನು ಹಾಡುತ್ತ ಓದಿಕೊಳ್ಳುವುದು ಅವಳ ರೂಢಿ. 'ನನಗೆ ಕಿವಿ ಕೇಳಿಸುವುದಿಲ್ಲ, ಮನೆಯಲ್ಲಿ ಹೇಳಿಲ್ಲ.' ಅಕ್ಕನ ಬಾಯಲ್ಲಿ ನೀರೂರಿತು. ಇಂಥದ್ದಕ್ಕೆ ಜನ ಬಿದ್ದು ಬಿದ್ದು ನಗುತ್ತಾರೆ. ಸೊಂಟಕ್ಕೆ ಕೈ ಕೊಟ್ಟು, ಹುಬ್ಬು ಹಾರಿಸಿ, ಪೂರಾ ನಾಟಕ ಮಾಡಿ ಎತ್ತಿದಳು:

"ಕಿವಿ ಹೋಯ್ತು ನಂದು, ಮನೇಲಿನ್ನೂ ಹೇಳಿಲ್ಲ..."

ಯಾರೂ ನಗಲಿಲ್ಲ.

ಅಕ್ಕ ತಬ್ಬಿಬ್ಬಾದಳು. ಎದುರಿನ ಕುರ್ಚಿಗಳಲ್ಲಿದ್ದವರೆಲ್ಲ ನೆಲ ನೋಡುತ್ತಿದ್ದರು. ಟೀ ಲೋಟ ಹಿಡಿದಿದ್ದ ಒಬ್ಬರು ಅದನ್ನು ಬಾಯಿಗೂ ಒಯ್ಯದೆ ಕೆಳಗೂ ಇಡದೆ ಹಾಗೇ ಹಿಡಿದಿದ್ದರು. ಬೇಕರಿಯವಳ ಕೈ ಭಾವನ ಮೊಣಕಾಲಿನ ಮೇಲೆ ನಿಂತುಬಿಟ್ಟಿತ್ತು. ಗಿಟಾರ್ ಮಾತ್ರ ತನ್ನ ಪಾಡಿಗೆ ತಾನು ನಡೆಯುತ್ತಿತ್ತು, ಮೊದಲ ಸಾಲು ಮತ್ತೆ ಬರುವ ಜಾಗಕ್ಕೆ ಬಂದಿತ್ತು, ಅಭ್ಯಾಸಬಲದಿಂದ ಬಾಯಿ ತೆರೆಯಿತು. "ಕಿವಿ ಹೋಯ್ತು ನಂದು..." ಎಂದು ಹಾಡುತ್ತಲೇ ಕಣ್ಣು ಚೀಟಿಯ ಕೆಳಗಿಳಿಯಿತು.

'ಎಡಗಡೆಯದು ಹೋಗಿ ಬಹಳ ಕಾಲವಾಯಿತು. ಬಲಗಡೆಯದನ್ನು ಅವಳಿಗೆಂದು ಇಟ್ಟುಕೊಂಡಿದ್ದೆ. ಅದೂ ಹೋಗಿ ಎರಡು ವರ್ಷ. ಹೇಳಿದರೆ ಹಾಡುವುದು ಬಿಟ್ಟುಬಿಡುತ್ತಾಳೆ.'

"...ಮನೇಲಿನ್ನೂ ಹೇಳಿಲ್ಲ," ಎಂದಿತು ಬಾಯಿ. ಅದು ತನ್ನ ಬಾಯಿ ಎಂದು ಅವಳಿಗೆ ಅನ್ನಿಸಲಿಲ್ಲ.

ಅವಳು ಸ್ಟ್ಯಾಂಡಿನ ಕಂಬಿ ಹಿಡಿದುಕೊಂಡಳು. ಎರಡು ವರ್ಷವೆಂದರೆ ಎಷ್ಟು ಶನಿವಾರ! ಹೋದ ಮಳೆಗಾಲದಲ್ಲಿ ಅವಳು ತನ್ನ ತಾಯಿಯ ಮೇಲೆ ಕಟ್ಟಿ ಹಾಡಿದ್ದು, ಕೆಳಗಿನ ಅಂಗಡಿಯವನು ಕೂಡ ಮೆಟ್ಟಿಲ ಮೇಲೆ ಕೂತು ಅತ್ತದ್ದು. ಅವತ್ತೂ ಇಳಿಯುವಾಗ ಅವನು ಅದನ್ನೇ ಹೇಳಿದ್ದ, ಹೋದ ಸಲಕ್ಕಿಂತ ಈ ಸಲ ಚೆನ್ನಾಗಿತ್ತು. ಅವಳು ಆ ಮಾತನ್ನು ಒಂದು ವಾರ ಮೆಲುಕು ಹಾಕಿದ್ದಳು.

ಗಿಟಾರ್ ಮೂರನೆಯ ಸಾಲಿನ ಜಾಗಕ್ಕೆ ಬಂತು. ಅಕ್ಕ ಹಾಡಲಿಲ್ಲ. ಸಲೂನಿನವನು ಏನೂ ಆಗದವನಂತೆ ಇನ್ನೊಂದು ಸುತ್ತು ಸುತ್ತಿಕೊಂಡು ಬಂದ. ಬಾಗಿ, ಊದುವ ಗಂಟಲಿನಲ್ಲಿ, "ಅಕ್ಕ, ಬಿಟ್ಟುಬಿಡಿ. ಬೇರೆ ಚೀಟಿ ತೆಗೆಯೋಣ," ಎಂದ.

"ನಿಂಗೆ ಗೊತ್ತಿತ್ತಾ?"

ಅವನು ತಂತಿಗಳನ್ನು ನೋಡತೊಡಗಿದ.

"ಬಾಯಿ ಬಿಡೋ. ಗೊತ್ತಿತ್ತಾ?"

"ಭಾವ ಆಣೆ ಹಾಕಿಸಿಕೊಂಡಿದ್ರು ಅಕ್ಕ," ಎಂದ ಡ್ರೈವರು ಹಿಂದಿನಿಂದ, ತಾಳ ಬಿಡದೆ. "ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗಿದ್ದೆ. ಕಿವಿಗೆ ಮಷಿನ್ ಹಾಕಿದ್ರೂ ಕೇಳಿಸಲ್ಲ ಅಂದ್ರು. ಎದುರಿಗೆ ನಿಂತು ಮಾತಾಡಿದ್ರೆ ತುಟಿ ನೋಡಿ ಹೇಗೋ ನಿಭಾಯಿಸ್ತಾರೆ."

"ಇನ್ಯಾರಿಗೆ ಗೊತ್ತು?"

ನೆಲ ನೋಡುತ್ತಿದ್ದ ಆ ಅಷ್ಟೂ ತಲೆಗಳು ಅವಳ ಎದುರಿಗೇ ಇದ್ದವು. ಅಕ್ಕನಿಗೆ ಮುಖಕ್ಕೆ ಹೊಡೆದಂತಾಯಿತು. ಈ ಕೋಣೆಯಲ್ಲಿ ಗೊತ್ತಿಲ್ಲದವಳು ತಾನೊಬ್ಬಳೇ! ಸಿಟ್ಟು ಎದೆಯಿಂದ ಹೊರಟು ಕಿವಿಯವರೆಗೆ ಏರಿತು. ಅವಳು ತಲೆಯೆತ್ತಿದಳು, ದೀಪ ಕಣ್ಣು ಕುಕ್ಕಿತು.

ದೀಪ.

ಅವಳು ಸಲೂನಿನವನ ಕಡೆ ತಿರುಗಿದಳು. ಅಲ್ಲಿಂದ ಡ್ರೈವರಿನ ಕೈಯಲ್ಲಿದ್ದ ಕೋಲಿಗೆ. ಅಲ್ಲಿಂದ ಭಾವನ ಮೊಣಕಾಲಿನ ಮೇಲೆ ಇನ್ನೂ ಹಾಗೇ ನಿಂತಿದ್ದ, ಮಣಿಕಟ್ಟಿನವರೆಗೆ ಹಿಟ್ಟು ಮೆತ್ತಿದ ಆ ಮುದಿ ಕೈಗೆ. ಎರಡು ವರ್ಷದಿಂದ ಇವರೆಲ್ಲ ಸೇರಿಕೊಂಡು ತನ್ನ ಒಂದೊಂದು ಹಾಡನ್ನೂ ಕೈಯಿಂದ ಕೈಗೆ ದಾಟಿಸಿ ಆ ಕುರ್ಚಿಗೆ ಮುಟ್ಟಿಸುತ್ತಿದ್ದರು.

ಗಿಟಾರ್ ಮತ್ತೊಂದು ಸುತ್ತು ಹೊರಟಿತು.

ಆಗ ಅವಳು ಗಂಡನನ್ನು ನೋಡಿದಳು. ಅವನು ಅವಳ ತುಟಿಗಳನ್ನೇ ನೋಡುತ್ತಿದ್ದ. ತಾನು ಬರೆದ ಸಾಲು ಆ ತುಟಿಗಳ ಮೇಲೆ ಎರಡು ಸಲ ಹಾದುಹೋದದ್ದನ್ನು ಅವನು ಕಂಡಿದ್ದ. ಅವನ ಮೈ ಕುಗ್ಗಿ ಒಣಗಿದ ಬಟ್ಟೆಯಂತಾಗಿತ್ತು. ಹಲಗೆಯ ಮೇಲೆ ಈ ವಾರದ ಸರದಿ ಯಾರದೆಂದು ಅವನು ಗುರುವಾರವೇ ಬಂದು ನೋಡಿಹೋಗಿರಬೇಕು. ಬೇರೆ ಯಾರದಾದರೂ ಬಾಯಿಂದ ಅದು ಅವಳ ಕಿವಿಗೆ ಬೀಳಲಿ ಎಂದಿದ್ದನೋ ಏನೋ. ಬಾಯಿಬಿಟ್ಟು ಹೇಳಲಾಗದ್ದನ್ನು ಇಲ್ಲಿ ಹಾಕಿ ಎಂದು ಬರೆದವಳು ಅವಳೇ ತಾನೆ? ಅವನ ಎರಡೂ ಅಂಗೈಗಳು ಎದೆಯ ಮುಂದೆ ಚಪ್ಪಾಳೆಗೆ ಸಿದ್ಧವಾದಂತೆ ಬಂದು, ಮುಂದೇನು ಮಾಡಬೇಕೆಂದು ತಿಳಿಯದೆ ಅಲ್ಲೇ ನಿಂತಿದ್ದವು.

ಮೂರನೆಯ ಸಾಲಿನ ಜಾಗ ಮತ್ತೆ ಬಂತು.

ಅಕ್ಕ ಸ್ಟ್ಯಾಂಡನ್ನು ಪಕ್ಕಕ್ಕೆ ಸರಿಸಿದಳು. ದೀಪದ ಕೆಳಗೆ ಎರಡು ಹೆಜ್ಜೆ ಮುಂದೆ ಬಂದಳು. ಸಲೂನಿನವನಿಗೂ ಡ್ರೈವರಿಗೂ ನಿಲ್ಲಿಸಿ ಎಂದು ಕೈ ತೋರಿಸಿದಳು. ಕೋಣೆ ಪೂರ್ತಿ ಮೌನವಾಯಿತು. ಕೆಳಗೆ ಬಣ್ಣದ ಅಂಗಡಿಯವನು ಡಬ್ಬ ಅಲ್ಲಾಡಿಸುವುದು ಕೂಡ ಕೇಳುವಷ್ಟು. ಅವಳು ಬಾಯಿ ತೆರೆದು, ಒಂದಿಷ್ಟೂ ಸದ್ದಿಲ್ಲದೆ, ಬರೀ ತುಟಿಯಲ್ಲಿ, ಒಂದೊಂದು ಅಕ್ಷರವನ್ನೂ ಬಿಡಿಸಿ ಬಿಡಿಸಿ ಮೂರನೆಯ ಸಾಲು ಹಾಡಿದಳು:

ಮನೆಗೆ ನಡೀರಿ, ನಿಮಗಿದೆ ಇವತ್ತು.

ಹಿಂದಿನ ಕುರ್ಚಿಯವರು ಏನು, ಏನಂದಳು ಎಂದು ಕತ್ತು ಚಾಚಿದರು. ಬೇಕರಿಯವಳು ಕನ್ನಡಕ ಸರಿಮಾಡಿಕೊಂಡಳು. ಭಾವ ಮಾತ್ರ ಅವಳ ತುಟಿಯಿಂದ ಸಾಲನ್ನು ಪೂರ್ತಿ ಓದಿಕೊಂಡ. ಆಮೇಲೆ ಅವನ ಭುಜ ಅಲುಗಿತು. ಸೀಸೆ ಕಾರ್ಖಾನೆಯ ಆ ಹಳೆಯ, ಅಳತೆ ತಿಳಿಯದ ದೊಡ್ಡ ನಗು ಹೊರಗೆ ಬಂತು. ನಗುತ್ತ, ಒದ್ದೆಯಾದ ಮುಖ ಒರೆಸಿಕೊಳ್ಳದೆ, ಅವನು ಚಪ್ಪಾಳೆ ತಟ್ಟತೊಡಗಿದ, ಒಬ್ಬನೇ, ಜೋರಾಗಿ.

ಡ್ರೈವರಿನ ಕೋಲು ಇನ್ನೂ ಮೇಲೇಳದೆ ಅವನ ಮಡಿಲಲ್ಲೇ ಇತ್ತು.